ಬೆಂಕಿಗೆ ಜೀವ ಇದ್ಯಾ? ಲಿಸ್ಟ್ ಪ್ರಕಾರ ಹೌದು!

ನಮಸ್ಕಾರ. ಇವತ್ತಿನ ಪ್ರಶ್ನೆ, ಬೆಂಕಿಗೆ ಜೀವ ಇದ್ಯಾ? ನಗ್ಬೇಡಿ, ಸೀರಿಯಸ್ಸಾಗೇ ಕೇಳ್ತಿದೀನಿ. ಬೆಂಕಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತೆ, ಆಕ್ಸಿಜನ್ ಎಳ್ಕೊಳುತ್ತೆ, ಹೊಗೆ ಬೂದಿ ಹೊರಗೆ ಹಾಕುತ್ತೆ, ಬೆಳೆಯುತ್ತೆ, ಗಾಳಿ ಬೀಸಿದ್ರೆ ವಾಲುತ್ತೆ, ಕಿಡಿ ಹಾರಿಸಿ ಮರಿನೂ ಹಾಕುತ್ತೆ. ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಪೋಷಣೆ, ಉಸಿರಾಟ, ವಿಸರ್ಜನೆ, ಬೆಳವಣಿಗೆ, ಚಲನೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿ, ಏಳಕ್ಕೆ ಏಳೂ ಟಿಕ್! ಹೇಸರಗತ್ತೆಗೆ ಪಾಪ ಸಾಮಾನ್ಯವಾಗಿ ಮರಿ ಆಗಲ್ಲ, ಅದಕ್ಕೆ ಆರೇ ಟಿಕ್. ಅಂದ್ರೆ ಬೆಂಕಿ ಪಾಸು, ಹೇಸರಗತ್ತೆ ಫೇಲು.

(ಸ್ಕ್ರೀನ್ ಮೇಲೆ ಲಿಸ್ಟ್ ಸರ ಸರ ಓಡ್ಲಿ)

ಆ ಲಿಸ್ಟಿಗೆ ಇನ್ನೂ ಮೂರು ಸೇರಿಸ್ತಾರೆ, ಬೇಗ ಹೇಳ್ಬಿಡ್ತೀನಿ. ಎಲ್ಲಾ ಜೀವಿಗಳೂ ಜೀವಕೋಶದಿಂದ ಆಗಿರೋದು, ಇದನ್ನ 1838-39ರಲ್ಲೇ ಇಬ್ಬರು ವಿಜ್ಞಾನಿಗಳು, ಶ್ಲೈಡನ್ ಗಿಡಗಳಲ್ಲಿ, ಶ್ವಾನ್ ಪ್ರಾಣಿಗಳಲ್ಲಿ ನೋಡಿ ಹೇಳಿದ್ರು. ಹೊರಗೆ ಏನೇ ಆದ್ರೂ ಒಳಗಿನ ಸ್ಥಿತಿನ ಆದಷ್ಟು ಹದವಾಗಿ ಇಟ್ಕೊಳ್ತವೆ. ಮತ್ತೆ ಡಿಎನ್ಎ, ಅದಕ್ಕೆ ಆಮೇಲೆ ಬರ್ತೀನಿ.

ಈಗ ಉಲ್ಟಾ ಕೇಸ್ ನೋಡಿ, ಇದು ನನ್ನ ಫೇವರಿಟ್ಟು, ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಬೈಕೋಬೇಡಿ. ಟಾರ್ಡಿಗ್ರೇಡ್, ನೀರುಕರಡಿ ಅಂತಾರೆ. ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ಪ್ರಾಣಿ, ಎಂಟು ಗಿಡ್ಡ ಕಾಲು, ಕಾಲ್ತುದೀಲಿ ಉಗುರು, ಪಾಚಿ ಮೇಲಿನ ತೆಳು ನೀರಲ್ಲಿ ತೆವಳ್ಕೊಂಡಿರುತ್ತೆ. ನೀರು ಆರಿಹೋಯ್ತು ಅಂದ್ರೆ ತಲೆ ಕಾಲು ಎಲ್ಲ ಒಳಗೆಳ್ಕೊಂಡು ಮುದುಡಿ ಉಂಡೆ ಆಗ್ಬಿಡುತ್ತೆ, ಮೈಯಲ್ಲಿ 85 ಪರ್ಸೆಂಟ್ ಇದ್ದ ನೀರು 3ಕ್ಕೆ ಇಳಿಯುತ್ತೆ, ಚಯಾಪಚಯ, ಅಂದ್ರೆ ಮೈಯೊಳಗೆ ನಡೆಯೋ ರಾಸಾಯನಿಕ ಕೆಲಸ, ಮಾಮೂಲಿನ 0.01 ಪರ್ಸೆಂಟ್‌ಗಿಂತ ಕೆಳಗೆ. ತಿನ್ನಲ್ಲ, ಅಲುಗಲ್ಲ, ಬೆಳೆಯಲ್ಲ, ಚುಚ್ಚಿದ್ರೂ ಕೇರ್ ಮಾಡಲ್ಲ. ಲಿಸ್ಟ್ ಹಿಡ್ಕೊಂಡು ಹೋದ್ರೆ ಸೊನ್ನೆ!

ಹಾಗಂತ ಸತ್ತಿದೆಯಾ? 1983ರಲ್ಲಿ ಅಂಟಾರ್ಕ್ಟಿಕಾದಿಂದ ಜಪಾನಿನವರು ಪಾಚಿ ತಂದು ಮೈನಸ್ 20 ಡಿಗ್ರಿಯಲ್ಲಿ ಫ್ರೀಜ್ ಮಾಡಿಟ್ರು. 2014ರಲ್ಲಿ ತೆಗೆದು ನೀರು ಕೊಟ್ಟು ನೋಡಿದ್ರೆ ಒಳಗಿದ್ದ ನೀರುಕರಡಿ ಮೊದಲು ಸ್ವಲ್ಪ ಕಾಲಾಡಿಸ್ತು, ತಿನ್ನೋಕೆ ಶುರು ಮಾಡೋ ಹೊತ್ತಿಗೆ ಹತ್ತಿರ ಹತ್ತಿರ ಎರಡು ವಾರ ಆಯ್ತು, ಆಮೇಲೆ 19 ಮೊಟ್ಟೆ ಇಡ್ತು, ಅದರಲ್ಲಿ 14 ಮರಿ ಆದ್ವು. ಮೂವತ್ತು ವರ್ಷ ನಿದ್ದೆ ಹೊಡೆದು ಎದ್ದು ಸೀದಾ ಸಂಸಾರ! ಇದು ಕೀ ಮುಗಿದು ನಿಂತಿರೋ ಗಡಿಯಾರ ಇದ್ದಂಗೆ, ಮುಳ್ಳು ಓಡ್ತಿಲ್ಲ, ಆದ್ರೆ ಒಳಗೆ ಒಂದು ಹಲ್ಲೂ ಮುರಿದಿಲ್ಲ. ಸತ್ತ ಪ್ರಾಣಿಯಲ್ಲಿ ಆ ಜೋಡಣೆನೇ ಕೆಟ್ಟೋಗಿರುತ್ತೆ, ನೀರು ಎಷ್ಟು ಸುರಿದ್ರೂ ವಾಪಸ್ ಬರಲ್ಲ.

ಹಾಗಾದ್ರೆ ಬೆಂಕಿ ಹತ್ರ ಇಲ್ಲದೇ ಇರೋದು ಏನು? ಉರಿಯೋ ಬೆಂಕಿಗೆ ತಾಮ್ರದ ಉಪ್ಪು ಬಿದ್ರೆ ಜ್ವಾಲೆ ಹಸಿರಾಗುತ್ತೆ. ಆ ಹಸಿರು ಜ್ವಾಲೆಯಿಂದ ಒಂದು ಮೇಣದಬತ್ತಿ ಹಚ್ಚಿ. ಬತ್ತಿ ಹಳದಿಯಾಗೇ ಉರಿಯುತ್ತೆ, ಅಮ್ಮನ ಬಣ್ಣ ಮಗಳಿಗೆ ಬರ್ಲೇ ಇಲ್ಲ! ಬೆಂಕಿ ಹೇಗಿರುತ್ತೆ ಅನ್ನೋದು ಏನು ಉರೀತಿದೆ ಅನ್ನೋದರ ಮೇಲಿದೆ, ಯಾವ ಬೆಂಕಿಗೆ ಹುಟ್ಟಿದ್ದು ಅನ್ನೋದಕ್ಕೆ ಬೆಲೆನೇ ಇಲ್ಲ. ಅದೇ ಬ್ಯಾಕ್ಟೀರಿಯಾ ನೋಡಿ, ಒಂದಕ್ಕೆ ಡಿಎನ್ಎ ಬದಲಾಗಿ ಔಷಧಿ ತಡ್ಕೊಳ್ಳೋ ಶಕ್ತಿ ಬಂತು ಅಂದ್ರೆ ಅದು ಎರಡಾದಾಗ ಮರಿಗಳಿಗೂ ಆ ಶಕ್ತಿ ಹೋಗುತ್ತೆ, ಇ. ಕೋಲಿ ಆದ್ರೆ ಅನುಕೂಲ ಇದ್ದಾಗ 20 ನಿಮಿಷಕ್ಕೊಂದ್ಸಲ ಎರಡಾಗುತ್ತೆ, ಡಾಕ್ಟರ್‌ಗಳಿಗೆ ತಲೆನೋವು ಅದೇ.

ಸೋ ನನ್ನ ಲೆಕ್ಕ ಸಿಂಪಲ್ಲು: ಡಿಎನ್ಎ ಥರ ಹಿಂದಿನವರಿಂದ ಬಂದ ಬರಹ ಒಂದು, ಆ ಬರಹ ಓದಿ ಕೆಲಸ ಮಾಡೋ ಸ್ವಂತ ಯಂತ್ರ ಒಂದು. ಬೆಂಕಿ ಹತ್ರ ಆ ಬರಹನೇ ಇಲ್ಲ, ಫೇಲ್. ಹೇಸರಗತ್ತೆ ಹತ್ರ ಎರಡೂ ಇದೆ, ಪಾಸ್.

ಟೈಮ್ ಆಗ್ತಿದೆ, ವೈರಸ್ ಓಡಿಸ್ಬಿಡ್ತೀನಿ. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಅನ್ನೋ ವಿಜ್ಞಾನಿ ತಂಬಾಕಿನ ಎಲೆಗೆ ರೋಗ ತರೋ ವೈರಸ್‌ನ ಹರಳು ಮಾಡಿ ತೋರಿಸಿದ್ರು, ಆ ಹರಳನ್ನ ಕರಗಿಸಿ ಎಲೆಗೆ ಉಜ್ಜಿದ್ರೆ ಮತ್ತೆ ರೋಗ! 1946ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ತು. ವೈರಸ್ ಹತ್ರ ಬರಹ ಇದೆ, ಯಂತ್ರ ಮಾತ್ರ ಇನ್ನೊಬ್ಬರದ್ದು, ಅದು ನುಗ್ಗಿದ ಜೀವಕೋಶದ್ದು, ಅದಕ್ಕೇ ನಾನು ಅದನ್ನ ಆಚೆ ನಿಲ್ಲಿಸ್ತೀನಿ, ಒಪ್ಪದವರು ಬೇಕಾದಷ್ಟು ಜನ ಇದಾರೆ.

ನಾಸಾದವರದ್ದೂ ಒಂದು ವ್ಯಾಖ್ಯಾನ ಇದೆ, 1994ರದ್ದು: ತನ್ನನ್ನ ತಾನೇ ನಡೆಸ್ಕೊಳ್ಳೋ, ಡಾರ್ವಿನ್ ಹೇಳಿದ ಥರ ವಿಕಾಸ ಆಗಬಲ್ಲ ರಾಸಾಯನಿಕ ವ್ಯವಸ್ಥೆ. ಕೇಳೋಕೆ ಚೆನ್ನಾಗಿದೆ, ಆದ್ರೆ ವಿಕಾಸ ಆಗೋದು ಪೀಳಿಗೆ ಪೀಳಿಗೆ ದಾಟಿ, ಒಂಟಿ ಮೊಲ ವಿಕಾಸ ಆಗಲ್ಲ. ಹಂಗಾದ್ರೆ ಒಂಟಿ ಮೊಲ ಜೀವಿ ಅಲ್ವಾ? ಈ ಜಗಳಕ್ಕೆ ಬೇರೆ ವಿಡಿಯೋನೇ ಬೇಕು, ಮುಂದಿನ ಸಲ ಮಾಡೋಣ.