ಎಲ್ಲಿ ನೋವು, ತೋರಿಸಿ

ಕೇಳುಗರೇ, ನಮಸ್ಕಾರ.

ಡಾಕ್ಟರು "ಎಲ್ಲಿ ನೋವು, ತೋರಿಸಿ" ಅಂದಾಗ ನಿಮ್ಮ ಕೈ ಏನು ಮಾಡುತ್ತದೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಕೆಲವರು ಒಂದೇ ಬೆರಳಿಟ್ಟು "ಇಲ್ಲೇ" ಅನ್ನುತ್ತಾರೆ. ಕೆಲವರು ಅಂಗೈ ಅಗಲಿಸಿ ಹೊಟ್ಟೆ ಪೂರ್ತಿ ಸವರುತ್ತಾರೆ. ಇನ್ನು ಕೆಲವರು ಎದೆಯ ಮೇಲೆ ಮುಷ್ಟಿ ಇಡುತ್ತಾರೆ. ನಾನು ಬೆನ್ನಿನಿಂದ ಶುರುಮಾಡಿ, ಬಲಪಕ್ಕೆಯನ್ನು ಬಳಸಿಕೊಂಡು, ಮುಂದೆ ಹೊಟ್ಟೆಯವರೆಗೆ ಬೆರಳು ಎಳೆಯುತ್ತಿದ್ದೆ. ಉತ್ತರ ಆ ಗೆರೆಯಲ್ಲೇ ಇತ್ತು. ಅದನ್ನು ಓದುವವರು ಸಿಗಲು ಐದು ತಿಂಗಳು ಹಿಡಿಯಿತು.

ನನಗೆ 14 ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳನ್ನು ಹಿಂಡುವ ಕಾಯಿಲೆ. ಇಂಥ ಹಳೇ ಕಾಯಿಲೆ ಇರುವವರಿಗೆ ಒಂದು ಪಜೀತಿ ಇದೆ. ಹೊಸದಾಗಿ ಏನು ನೋವು ಬಂದರೂ ಅದರ ಹೊಣೆ ಹಳೇ ಕಾಯಿಲೆಯ ತಲೆಗೇ ಬೀಳುತ್ತದೆ. "ನಿಮಗೆ ಸಂಧಿವಾತ ಇದೆಯಲ್ಲ, ಅದರದ್ದೇ ಇದು." ಮನೆಯವರೂ ಹಾಗೇ ಅಂದರು, ಒಬ್ಬ ಡಾಕ್ಟರೂ ಹಾಗೇ ಅಂದರು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಮೊದಲು ಹಾಗಂದವಳು ನಾನೇ. ದಿನಾ ನೋವಿನ ಜೊತೆ ಬದುಕುವವರಿಗೆ ಇನ್ನೊಂದು ನೋವು ಬಂದರೆ ಅದನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡುವ ಅಭ್ಯಾಸ ಇರುತ್ತದೆ.

ಎರಡು ತಿಂಗಳಾದರೂ ಕಡಿಮೆಯಾಗಲಿಲ್ಲ. ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಎರಡು ಕಲ್ಲು ಕಂಡವು. ಅಬ್ಬಾ, ಕಾರಣ ಸಿಕ್ಕಿತಲ್ಲ ಅಂತ ಎಲ್ಲರಿಗೂ ಸಮಾಧಾನ. ಆಪರೇಷನ್ ಮಾತೂ ಬಂತು. ಆದರೆ ಪಿತ್ತಕೋಶದಲ್ಲಿ ಕಲ್ಲಿರುವ ಬಹಳಷ್ಟು ಜನರಿಗೆ ಅದರಿಂದ ಜೀವನಪೂರ್ತಿ ಏನೂ ತೊಂದರೆ ಆಗುವುದಿಲ್ಲ. ಸ್ಕ್ಯಾನಿನಲ್ಲಿ ಒಂದು ವಸ್ತು ಕಂಡಿತು ಅನ್ನುವುದು ಬೇರೆ, ನೋವು ಕೊಡುತ್ತಿರುವುದು ಅದೇ ಅನ್ನುವುದು ಬೇರೆ. ಪಿತ್ತಕೋಶದ ನೋವು ಸಾಮಾನ್ಯವಾಗಿ ಊಟವಾದ ಮೇಲೆ ಎದ್ದು, ಅರ್ಧ ಗಂಟೆಯಿಂದ ಕೆಲವು ಗಂಟೆಯವರೆಗೆ ಜೋರಾಗಿದ್ದು, ಇಳಿದು ಹೋಗುತ್ತದೆ. ನನ್ನದಕ್ಕೆ ಊಟದ ಗೊಡವೆಯೇ ಇರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಜೀವ ಹೋಗುತ್ತಿತ್ತು. ಸುಮ್ನೆ ಅಂಗಾತ ಮಲಗಿದರೆ ಹಾಯಾಗಿರುತ್ತಿತ್ತು.

ಇದನ್ನು ಕೇಳಿದವರು ಕೊನೆಗೆ ನೋಡಿದ ಡಾಕ್ಟರಮ್ಮ. ಅವರು ಫೈಲು ಮುಚ್ಚಿಟ್ಟು ನನ್ನನ್ನು ಮಲಗಿಸಿದರು. ನೋವಿದ್ದ ಜಾಗವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, "ಕೈಕಟ್ಟಿಕೊಂಡು ತಲೆ, ಭುಜ ಸ್ವಲ್ಪ ಎತ್ತಿ" ಅಂದರು. ಎತ್ತಿದೆ. ನೋವು ಜಾಸ್ತಿಯಾಯಿತು. ಇದು ಕಾರ್ನೆಟ್ ಎಂಬ ಸರ್ಜನ್ 1926ರಲ್ಲಿ ಬರೆದಿಟ್ಟ ಪರೀಕ್ಷೆ. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯಾಗಿ ಒಳಗಿನ ಅಂಗಗಳಿಗೆ ಗುರಾಣಿಯಾಗುತ್ತದೆ. ನೋವು ಒಳಗಿನದಾದರೆ ಆಗ ಒತ್ತಡ ಅಲ್ಲಿಗೆ ತಲುಪುವುದಿಲ್ಲ, ನೋವು ತಗ್ಗುತ್ತದೆ. ಹಾಗೇ ಉಳಿದರೆ ಅಥವಾ ಹೆಚ್ಚಾದರೆ ತಪ್ಪು ಇರುವುದು ಬಹುಮಟ್ಟಿಗೆ ಹೊಟ್ಟೆಯ ಹೊರಗೋಡೆಯಲ್ಲಿ, ಅಂದರೆ ಸ್ನಾಯುವಿನಲ್ಲೋ ನರದಲ್ಲೋ. ಒಂದು ಬೆರಳು, ಅರ್ಧ ನಿಮಿಷ, ಖರ್ಚು ಏನೂ ಇಲ್ಲ.

ಆಮೇಲೆ ಕೂರಿಸಿ, ಬೆನ್ನುಮೂಳೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಕೆಳಗಿಳಿದರು. ಒಂದು ಕಡೆ ತಟ್ಟಿದಾಗ ನಾನು ಕಿರುಚಿಯೇಬಿಟ್ಟೆ. "ನಿಮ್ಮ ಎತ್ತರ ಕಡಿಮೆಯಾಗಿದೆಯಾ?" ಅಂತ ಕೇಳಿದರು. ಏನಪ್ಪಾ ಈ ಪ್ರಶ್ನೆ ಅನ್ನಿಸಿತು. ಆಗ ನೆನಪಾಯಿತು, ಮೇಲಿನ ಶೆಲ್ಫಿನ ಡಬ್ಬಿಗೆ ಇತ್ತೀಚೆಗೆ ನನ್ನ ಕೈ ಎಟುಕುತ್ತಿರಲಿಲ್ಲ. ಎಕ್ಸ್‌ರೇ ತೆಗೆದರೆ ಬೆನ್ನುಮೂಳೆಯ ಸಾಲಿನಲ್ಲಿ ಒಂದು ಮೂಳೆ ಮುಂಭಾಗದಲ್ಲಿ ಕುಸಿದು ಕೂತಿತ್ತು.

ಎದೆಯ ಮಟ್ಟದಲ್ಲಿ ಇಂಥ ಮೂಳೆಗಳು 12. ಪ್ರತಿಯೊಂದರ ಕೆಳಗಿನಿಂದ ಎರಡು ಬದಿಗೂ ಒಂದೊಂದು ನರ ಹೊರಟು, ಪಕ್ಕೆಲುಬಿನ ಜೊತೆಗೇ ಸುತ್ತಿಕೊಂಡು ಮುಂದೆ ಬರುತ್ತದೆ. ಹತ್ತನೆಯ ನರ ಹೊಕ್ಕುಳಿನವರೆಗೂ ಬರುತ್ತದೆ. ಹಾಗಾಗಿ ಬೆನ್ನಲ್ಲಿ ನರಕ್ಕೆ ಕಿರಿಕಿರಿಯಾದರೆ ಹೊಟ್ಟೆ ನೋಯಬಹುದು. ನಾನು ಎಳೆಯುತ್ತಿದ್ದ ಗೆರೆ ಆ ನರದ ದಾರಿಯೇ ಆಗಿತ್ತು.

ಹಾಗಾದರೆ ಹಳೇ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಬಳಸುದಾರಿಯಲ್ಲಿ. ಮೂಳೆಯನ್ನು ಟೊಳ್ಳು ಮಾಡಿದ್ದು ಕೀಲುನೋವಿಗೆ ಅಂತ ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಮಾತ್ರೆ. ಹಾಗೆಂದು ಸ್ಟಿರಾಯ್ಡ್ ಅನ್ನು ಯಾರೂ ತಟಕ್ಕನೆ ನಿಲ್ಲಿಸಬಾರದು, ಅದು ಅಪಾಯ. ನಾನು ಹೇಳುತ್ತಿರುವುದು ಇಷ್ಟೇ. ಕಾಯಿಲೆ, ಅದರ ಔಷಧಿ, ಎರಡಕ್ಕೂ ಸಂಬಂಧವಿಲ್ಲದ ಮೂರನೆಯದು, ಈ ಮೂರರ ಬಗ್ಗೆಯೂ ಕೇಳಬೇಕು. ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಲೂಪಸ್, ಅಂದರೆ ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಇರುವವರಿಗೆ ಹೃದಯದ ಹೊದಿಕೆ ಉರಿಯೂತಕ್ಕೆ ಒಳಗಾದರೆ ಮಲಗಿದಾಗ ಎದೆನೋವು ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕೂತರೆ ತಗ್ಗುತ್ತದೆ. ಸಕ್ಕರೆ ಕಾಯಿಲೆಯಲ್ಲಂತೂ ಪಕ್ಕೆಯ ನರಗಳೇ ಹಾಳಾಗಿ, ಥೇಟ್ ಪಿತ್ತಕೋಶದ ನೋವಿನ ಹಾಗೆ ಆಟ ಆಡಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಪತ್ತೇದಾರಿಕೆ ಬೇಡ. ಎದೆ ಹಿಂಡಿದಂತಾಗಿ ಬೆವರುವುದು, ಉಸಿರು ಸಿಗದಿರುವುದು, ಇದ್ದಕ್ಕಿದ್ದಂತೆ ಬೆನ್ನಿನವರೆಗೂ ಸೀಳಿದಂಥ ನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ರಕ್ತವಾಂತಿ, ಕಪ್ಪು ಮಲ, ಕಾಲುಗಳಲ್ಲಿ ಶಕ್ತಿ ಹೋಗುವುದು, ಇವಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ ಎದೆನೋವಿಲ್ಲದೆ, ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಹೊಟ್ಟೆಯೊಳಗೆ ದೊಡ್ಡ ಅನಾಹುತವಾದರೂ ಜ್ವರ, ನೋವು ಕಡಿಮೆಯೇ ಇರಬಹುದು. ನಾವೆಲ್ಲ ಸ್ವಲ್ಪ ಬೇಗ ಗಾಬರಿಯಾಗುವುದರಲ್ಲಿ ತಪ್ಪಿಲ್ಲ.

ಈಗ ನನ್ನ ಬಳಿ ಒಂದು ಚಿಕ್ಕ ನೋಟ್‌ಬುಕ್ ಇದೆ. ಅದರಲ್ಲಿ "ತುಂಬಾ ನೋವು" ಅಂತ ಬರೆಯುವುದಿಲ್ಲ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಮಾಡಿದಾಗ ಬಂತು, ಏನು ಮಾಡಿದಾಗ ಹೋಯಿತು, ಉಸಿರೆಳೆದರೆ, ಕೆಮ್ಮಿದರೆ, ಉಂಡರೆ, ಹೊರಳಿದರೆ ಏನಾಯಿತು, ಯಾವ ಮಾತ್ರೆ ಯಾವಾಗ ಬದಲಾಯಿತು, ಇಷ್ಟು ಬರೆಯುತ್ತೇನೆ. ಕೊನೆಗೆ ಒಂದು ಸಾಲು: ಇದು ಹಳೇ ನೋವಿನ ಹಾಗಿದೆಯಾ, ಇಲ್ಲವಾ?

ಹೋದ ತಿಂಗಳು ಎಡಪಕ್ಕೆಯಲ್ಲಿ ಉರಿ ಶುರುವಾಯಿತು. ಬಟ್ಟೆ ಸೋಕಿದರೂ ಚುರುಗುಟ್ಟುತ್ತಿತ್ತು. "ಹಳೇದರ ಹಾಗಿಲ್ಲ" ಅಂತ ಬರೆದೆ. ಮೂರನೇ ದಿನ ಸ್ನಾನ ಮಾಡುವಾಗ ನೋಡಿದರೆ ಪಕ್ಕೆಯ ಗುಂಟ ಸಾಲಾಗಿ ಸಣ್ಣ ಗುಳ್ಳೆಗಳು. ಸರ್ಪಸುತ್ತು! ಅದು ಗುಳ್ಳೆ ಏಳುವ ಮೊದಲೇ ನೋವು ಕೊಡುತ್ತದೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಅವತ್ತೇ ಹೋದೆ. ಡಾಕ್ಟರಮ್ಮ "ಎಲ್ಲಿ, ತೋರಿಸಿ" ಅಂದರು. ಈ ಸಲ ಬೆರಳು ಎಳೆಯುವ ಕೆಲಸವೇ ಇರಲಿಲ್ಲ, ಗೆರೆ ಚರ್ಮದ ಮೇಲೇ ಮೂಡಿತ್ತು.

ನಮಸ್ಕಾರ.