ಅಲೋಶಿಯಸ್ ಚಾಪೆಲ್ ಒಳಗೆ: ಬ್ರದರ್ ಮೊಸ್ಕೆನಿಯವರ ಗೋಡೆಗಳು

ಮಂಗಳೂರಿನ ಬಾವುಟಗುಡ್ಡೆ ಹತ್ತಿದ್ದನ್ನು ಹಿಂದಿನ ವಿಡಿಯೊದಲ್ಲಿ ನೋಡಿದಿರಿ. ಈಗ ಅಲ್ಲಿಯ ಸಂತ ಅಲೋಶಿಯಸ್ ಚಾಪೆಲ್ ಒಳಗಿದ್ದೇವೆ. ಶೂಟಿಂಗ್‌ಗೆ ಅನುಮತಿ ತಗೊಂಡಿದ್ದೇವೆ, ಸಮಯ ಮಾತ್ರ ಸ್ವಲ್ಪವೇ ಇದೆ. ಮೊದಲು ಮೇಲೆ ನೋಡಿ.

ಈ ಚಿತ್ರಗಳನ್ನೆಲ್ಲ ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೆನಿ. 1854ರಲ್ಲಿ ಬೆರ್ಗಾಮೊ ಹತ್ತಿರದ ಸ್ಟೆಝಾನೊದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು, 1889ರಲ್ಲಿ ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಭೆ ಸೇರಿದರು. ಪಾದ್ರಿ ಆಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಕುಂಚ ಹಿಡಿದದ್ದೇ ಅವರ ಸೇವೆ. 1898ರಲ್ಲಿ ಮಂಗಳೂರಿಗೆ ಬಂದರು.

ಚಿತ್ರ ಮಸುಕಾಗಿ ಕಾಣ್ತಿದೆ ಅಲ್ವಾ? ಅದು ಗೋಡೆಯದ್ದಲ್ಲ, ಲೆನ್ಸಿನದ್ದು. ಚಾವಣಿ ಪೂರ್ತಿ ಸಿಗಲಿ ಅಂತ ವೈಡ್ ಲೆನ್ಸ್ ಬಾಡಿಗೆಗೆ ತಂದೆ. ದಿನಕ್ಕೆ 900 ರೂಪಾಯಿ, ಮೇಲೆ 5,000 ಡೆಪಾಸಿಟ್. ಇಲ್ಲಿ ಬಂದು ಟಾರ್ಚ್ ಹಿಡಿದು ನೋಡಿದರೆ, ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್! ಬಾಡಿಗೆ ಕೊಟ್ಟ ಅಂಗಡಿಗೆ ಫೋನ್ ಮಾಡಿದೆ. "ಮಂಗಳೂರಲ್ಲಿ ಇದೆಲ್ಲ ಕಾಮನ್ ಮಾರಾಯ್ರೆ" ಅಂದರು. ಕಾಮನ್ ಅಂತ ಗೊತ್ತಿದ್ದ ಮೇಲೆ ತೇವ ತಾಗದ ಕಪಾಟು, ಡ್ರೈ ಕ್ಯಾಬಿನೆಟ್, ಇಡಬೇಕಲ್ವಾ? ಅದು ಬೇಡ, ಗಾಳಿಯಾಡದ ಒಂದು ಡಬ್ಬಿ, ತೇವ ಹೀರುವ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಸಾಕಿತ್ತು. ಅಷ್ಟೂ ಮಾಡದೆ ಪೂರ್ತಿ ಬಾಡಿಗೆ ಕೇಳುತ್ತಾರೆ. ಕಿಟಕಿ ಬೆಳಕು ಬಿದ್ದ ಕಡೆಯಂತೂ ಬಣ್ಣವೇ ಸಿಗುತ್ತಿಲ್ಲ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಇದೇ ತೇವದ ಗಾಳಿಯಲ್ಲಿ ಮೊಸ್ಕೆನಿ ಫ್ರೆಸ್ಕೊ ಮಾಡಿದ್ದಾರೆ, ಯೋಚಿಸಿ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಾಕಬೇಕು. ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ತಪ್ಪಾದರೆ ಒರೆಸುವ ಹಾಗಿಲ್ಲ, ಕೆರೆದು ಮತ್ತೆ ಗಾರೆ ಮೆತ್ತಬೇಕು. ಕೆಲವು ಕಡೆ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣವೂ ಇದೆ. ಕೆಲವೇ ವರ್ಷಗಳಲ್ಲಿ ಗೋಡೆ, ಚಾವಣಿ ಎಲ್ಲ ತುಂಬಿಸಿಬಿಟ್ಟರು. ಆಮೇಲೆ ನಮ್ಮ ಮಳೆ ಇವನ್ನೂ ಬಿಡಲಿಲ್ಲ. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆ ಉಳಿಸುವ ಸಂಸ್ಥೆ ಇಂಟಾಕ್‌ನ ತಜ್ಞರು ಕೂತು ಸರಿಮಾಡಿದರು.

ನೇರವಾಗಿ ಹೇಳುತ್ತೇನೆ, ಈ ದೇವದೂತರ ಚಂದ ನನಗೆ ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಎಲ್ಲರ ಕೆನ್ನೆಯೂ ಒಂದೇ ಗುಲಾಬಿ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸಿ "ಮಂಗಳೂರಿನ ಸಿಸ್ಟೀನ್" ಅನ್ನುವುದೂ ನನಗೆ ಇಷ್ಟವಿಲ್ಲ, ಇದಕ್ಕೆ ಇದರದ್ದೇ ಹೆಸರು ಸಾಕು.

ಒಂದು ನಿಮಿಷ, ಚಾವಣಿಯ ನಡುಸಾಲು ನೋಡಿ. ಸಂತ ಅಲೋಶಿಯಸ್ ಜೀವನ. ದೊಡ್ಡ ಮನೆತನದ ಹಿರಿಮಗ, ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟು ಸನ್ಯಾಸ ಹಿಡಿದವನು. ಇಲ್ಲಿ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿದ್ದಾನೆ. 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡ. ಗುಲಾಬಿ ಕೆನ್ನೆ ಅಂದೆನಲ್ಲ, ಆ ಮಾತು ವಾಪಸ್. ಇದನ್ನು ಬರೆದ ಕೈ ಸುಮ್ನೆ ಅಲಂಕಾರ ಮಾಡುವ ಕೈ ಅಲ್ಲ.

ಇಲ್ಲಿಂದಾಚೆಗೂ ಮೊಸ್ಕೆನಿಗೆ ಪುರುಸೊತ್ತಿರಲಿಲ್ಲ. ಮಂಗಳೂರಿನದ್ದೇ ಜೆಪ್ಪು ಸೆಮಿನರಿ, ಮುಂಬೈ, ಕೊನೆಗೆ ಕೊಚ್ಚಿಯ ಸಾಂತಾಕ್ರೂಸ್ ಚರ್ಚ್. ಆ ಚರ್ಚಿನ ಪ್ರತಿಷ್ಠೆ 1905ರ ನವೆಂಬರ್ 19ಕ್ಕೆ. ಮೊಸ್ಕೆನಿ ನವೆಂಬರ್ 15ಕ್ಕೇ ತೀರಿಕೊಂಡುಬಿಟ್ಟರು. ನಾಲ್ಕೇ ದಿನ! ನನಗೆ ಇದು ತುಂಬಾ ಬೇಜಾರು.

ಓ, ಬಾಗಿಲು ಹಾಕುತ್ತಾರಂತೆ. ಹಿಂದಿನ ಗೋಡೆ ಬಾಕಿ ಇದೆ, ಮಕ್ಕಳ ಜೊತೆ ಯೇಸು ಇರುವುದು. ಬನ್ನಿ, ಬೇಗ ತೋರಿಸುತ್ತೇನೆ.