ಮೂರೆಕರೆ ತೋಟಕ್ಕೆ ಎಷ್ಟು ದೊಡ್ಡ ಟ್ರ್ಯಾಕ್ಟರ್ ಬೇಕು?

ಮಾನ್ಯರೇ,

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎರಡರಿಂದ ಐದು ಎಕರೆ ಜಮೀನು ಮಾಡಿಕೊಂಡು, ಬೇರೆ ಉದ್ಯೋಗದ ಜೊತೆಗೆ ಆಸಕ್ತಿಯಿಂದ ಬೇಸಾಯ ಮಾಡುವವರನ್ನು ಈಗ ಹೋಬಳಿ ಹೋಬಳಿಯಲ್ಲೂ ಕಾಣುತ್ತೇವೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆಯಿತು. ನೋಂದಣಿ, ಬೇಲಿ, ಕೊಳವೆಬಾವಿ ಮುಗಿಯುತ್ತಿದ್ದಂತೆ ಇವರು ಕೇಳುವ ಪ್ರಶ್ನೆ ಒಂದೇ: ಇಷ್ಟು ಎಕರೆಗೆ ಎಷ್ಟು ಎಚ್‌ಪಿ (ಅಶ್ವಶಕ್ತಿ) ಟ್ರ್ಯಾಕ್ಟರ್ ಬೇಕು? ನನ್ನ ಅಭಿಪ್ರಾಯದಲ್ಲಿ ಎಕರೆಯಿಂದ ಈ ಲೆಕ್ಕ ಶುರುವಾಗಬಾರದು. ಸಾಲಿನ ನಡುವೆ ಎಷ್ಟು ಅಡಿ ಜಾಗವಿದೆ, ವರ್ಷಕ್ಕೆ ಯಂತ್ರ ಎಷ್ಟು ಗಂಟೆ ಓಡುತ್ತದೆ ಎಂಬ ಎರಡು ಅಂಕಿಗಳು ಕೈಯಲ್ಲಿದ್ದರೆ ಎಚ್‌ಪಿ ಬಹುಮಟ್ಟಿಗೆ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಅಗಲದ ಮಾತು. ನಮ್ಮ ಊರುಗಳಲ್ಲಿ ಬಾಡಿಗೆಗೆ ಓಡುವ 45 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಹಿಂದಿನ ಚಕ್ರಗಳ ಹೊರ ಅಂಚಿನಿಂದ ಅಳೆದರೆ ಸುಮಾರು ಆರು ಅಡಿ ಅಗಲವಿರುತ್ತದೆ. ಮಿನಿ ಟ್ರ್ಯಾಕ್ಟರ್ ಎಂದು ಕರೆಯುವ 15ರಿಂದ 28 ಎಚ್‌ಪಿ ವರ್ಗದವು ಮೂರರಿಂದ ನಾಲ್ಕು ಅಡಿಯೊಳಗೆ ನಿಲ್ಲುತ್ತವೆ. ಈ ಎರಡು ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ತೋಟದೊಳಗೆ ನಡೆಯಿರಿ. ತಿಪಟೂರಿನ ಕಡೆಯ ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ 25ರಿಂದ 30 ಅಡಿ ಇರುವುದರಿಂದ ಯಾವ ಟ್ರ್ಯಾಕ್ಟರಾದರೂ ಹೋಗುತ್ತದೆ. ಗುಬ್ಬಿ, ತುರುವೇಕೆರೆಯ ಅಡಿಕೆ ತೋಟದಲ್ಲಿ ಸಾಮಾನ್ಯ ಅಂತರ 9 ಅಡಿ. ಅಲ್ಲಿ ಆರು ಅಡಿಯ ಯಂತ್ರ ನುಗ್ಗಿಸಿದರೆ ಎರಡೂ ಪಕ್ಕದಲ್ಲಿ ಉಳಿಯುವುದು ಒಂದೂವರೆ ಅಡಿ ಮಾತ್ರ. ಚಾಲಕ ಎಷ್ಟೇ ನುರಿತವನಾಗಿದ್ದರೂ ಮರದ ತೊಗಟೆ ಉಳಿಯುವುದು ಕಷ್ಟ, ಮೇಲ್ಮಣ್ಣಿನಲ್ಲೇ ಹರಡಿರುವ ಅಡಿಕೆ ಬೇರಂತೂ ಮಣ್ಣನ್ನು ಕೊಚ್ಚಿ ಪುಡಿಮಾಡುವ ರೋಟವೇಟರ್ ಬ್ಲೇಡಿಗೆ ಸಿಕ್ಕೇ ಸಿಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಜೋಡಿ ಸಾಲಿನಲ್ಲಿ ಹಿಪ್ಪುನೇರಳೆ ಹಾಕುವವರು ಮೂರಡಿ, ಐದಡಿ ಅಂತರವನ್ನು ಒಂದರ ಪಕ್ಕ ಒಂದರಂತೆ ಬಿಡುತ್ತಾರೆ. ಐದಡಿಯ ಆ ಓಣಿಯಲ್ಲೂ ಕಡ್ಡಿ ಬಾಗಿ ಬಂದ ಮೇಲೆ ಮೂರಡಿಗಿಂತ ಹೆಚ್ಚು ಜಾಗ ಉಳಿಯದು. ಅಲ್ಲಿ ಮಿನಿ ಟ್ರ್ಯಾಕ್ಟರಿನಲ್ಲೂ ಅತಿ ಕಿರಿದಾದದ್ದೇ ಆಗಬೇಕು, ಇಲ್ಲವೇ ಹಿಂದೆ ನಡೆಯುತ್ತಾ ಓಡಿಸುವ, ಎರಡಡಿ ಅಗಲ ಉಳುವ 13 ಎಚ್‌ಪಿ ಪವರ್ ಟಿಲ್ಲರ್ ಸಾಕು.

ತೆಂಗಿನ ವಿಷಯದಲ್ಲಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಜಾಗ ವಿಶಾಲವಾಗಿದೆ ಎಂದು ದೊಡ್ಡ ಟ್ರ್ಯಾಕ್ಟರನ್ನು ಬುಡದವರೆಗೂ ಓಡಿಸುವ ರೂಢಿ ನಮ್ಮಲ್ಲಿದೆ. ತೆಂಗಿನ ಚಟುವಟಿಕೆಯ ಬೇರುಗಳಲ್ಲಿ ಬಹುಪಾಲು ಕಾಂಡದಿಂದ ಆರೇಳು ಅಡಿ ದೂರದೊಳಗೆ ಇರುವುದರಿಂದ ಪಾತಿಯ ಒಳಗೆ ಯಾವ ಯಂತ್ರವೂ ಬರಕೂಡದು. ಹನಿ ನೀರಾವರಿಯ ಪೈಪು ಎಳೆದಿರುವ ತೋಟದಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ರೋಟವೇಟರ್ ಹೊರಡುವ ಮೊದಲು ಪೈಪು ಸುತ್ತಿಡುವ ಆಳು ಸಿಗದ ದಿನ ಟ್ರ್ಯಾಕ್ಟರ್ ಇದ್ದೂ ಕೆಲಸವಾಗುವುದಿಲ್ಲ.

ಸಾಲಿನ ಅಗಲದಷ್ಟೇ ಮುಖ್ಯವಾದದ್ದು ಸಾಲಿನ ಕೊನೆ. ಹಿಂದೆ ಕಲ್ಟಿವೇಟರ್ (ಉಳುವ ಹಲ್ಲುಗಳ ಚೌಕಟ್ಟು) ಕಟ್ಟಿದ ಮಿನಿ ಟ್ರ್ಯಾಕ್ಟರ್ ಕೂಡ ಒಂದೇ ಸಲಕ್ಕೆ ತಿರುಗಿಕೊಳ್ಳಲು ಬದುವಿನ ಪಕ್ಕದಲ್ಲಿ ಹತ್ತು ಹನ್ನೆರಡು ಅಡಿ ಖಾಲಿ ಜಾಗ ಬೇಡುತ್ತದೆ. ಬೇಲಿಗೆ ಅಂಟಿಸಿ ಕೊನೆಯ ಗಿಡ ನೆಟ್ಟವರು ಪ್ರತಿ ಸಾಲಿಗೂ ಹಿಂದೆ ಮುಂದೆ ಎಳೆದಾಡಬೇಕಾಗುತ್ತದೆ. ಇನ್ನೂ ಗಿಡ ನೆಡದವರು ಇಲ್ಲಿ ಕುಳಿತಿದ್ದರೆ, ಮೊದಲು ಯಂತ್ರದ ಅಳತೆ ತಿಳಿದುಕೊಂಡು ಆಮೇಲೆ ಗುಂಡಿ ತೆಗೆಸಿ ಎಂದು ಒತ್ತಿ ಹೇಳುತ್ತೇನೆ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ನಾಲ್ಕಡಿ, ಅಂದರೆ ಸುಮಾರು 1.2 ಮೀಟರ್ ರೋಟವೇಟರನ್ನು 24 ಎಚ್‌ಪಿ ಟ್ರ್ಯಾಕ್ಟರ್ ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ಎಳೆಯುತ್ತದೆ ಎಂದುಕೊಳ್ಳಿ. ತಿರುವಿಗೂ ಆಗಲೇ ಉತ್ತ ಸಾಲಿನ ಮೇಲೆ ತುಸು ಹಾಯುವುದಕ್ಕೂ ಕಾಲು ಭಾಗ ಕಳೆದರೆ ಗಂಟೆಗೆ ಅರ್ಧ ಎಕರೆಗಿಂತ ತುಸು ಹೆಚ್ಚು ಕೆಲಸವಾಗುತ್ತದೆ. ಮೂರು ಎಕರೆ ಬಯಲಿಗೆ ಐದೂವರೆ ಗಂಟೆ. ಇದನ್ನೇ ಆರಡಿ ರೋಟವೇಟರ್ ಕಟ್ಟಿದ ದೊಡ್ಡ ಟ್ರ್ಯಾಕ್ಟರ್ ಗಂಟೆಗೆ ಮೂರು ಕಿಲೋಮೀಟರಿನಂತೆ ಓಡಿ ಮೂರು ಗಂಟೆಯಲ್ಲಿ ಮುಗಿಸುತ್ತದೆ. ಉಳಿಯುವುದು ಎರಡೂವರೆ ಗಂಟೆ, ಅದೂ ವರ್ಷದಲ್ಲಿ ಕೆಲವೇ ಸಲ. ಇಷ್ಟು ಉಳಿತಾಯಕ್ಕಾಗಿ ಮಿನಿ ಟ್ರ್ಯಾಕ್ಟರಿನ ಎರಡರಷ್ಟು ತೂಗುವ ಯಂತ್ರವನ್ನು ಕೊಂಡು, ಮಳೆ ಬಿದ್ದ ಮೆತ್ತನೆಯ ಕೆಮ್ಮಣ್ಣಿನ ಮೇಲೆ ಹಾಯಿಸಿ ನೆಲವನ್ನು ಗಟ್ಟಿಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಎಚ್‌ಪಿ ಎಂದಾಗ ಮಾರಾಟಗಾರರು ಹೇಳುವುದು ಎಂಜಿನ್ನಿನ ಶಕ್ತಿ. ರೋಟವೇಟರನ್ನು ತಿರುಗಿಸುವುದು ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಮುಟ್ಟಿಸುವ ಹಿಂದಿನ ಪಿಟಿಒ ದಂಡ. ಅಲ್ಲಿಗೆ ತಲುಪುವುದು ಸಾಮಾನ್ಯವಾಗಿ ಅದರ 85 ಶೇಕಡಾ ಆಸುಪಾಸು. ಉಪಕರಣ ಆರಿಸುವಾಗ ಈ ಎರಡನೆಯ ಅಂಕಿಯನ್ನೇ ಕೇಳಬೇಕು. ಸಬ್ಸಿಡಿಗೆ ಅರ್ಜಿ ಹಾಕುವವರಿಗೂ ಇದು ಬೇಕು, ಏಕೆಂದರೆ ತೋಟಗಾರಿಕೆ ಮಿಷನ್ ಅಡಿ ನೆರವು ಸಿಗುವ ಟ್ರ್ಯಾಕ್ಟರಿನ ಮಿತಿಯನ್ನು 20 ಪಿಟಿಒ ಎಚ್‌ಪಿ ಎಂದೇ ಇಟ್ಟಿದ್ದಾರೆ.

ಕೊಳ್ಳಲೇಬೇಕೇ ಎಂಬ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಉಪಕರಣ ಸೇರಿ ಆರು ಲಕ್ಷ ರೂಪಾಯಿ ಹಾಕಿದಿರಿ, ಹತ್ತು ವರ್ಷದ ಮೇಲೆ ಎರಡು ಲಕ್ಷಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳೋಣ. ಸವೆದದ್ದು ವರ್ಷಕ್ಕೆ 40,000 ರೂಪಾಯಿ. ಮೂರೆಕರೆಯಲ್ಲಿ ಉಳುಮೆ, ಗೊಬ್ಬರ ಸಾಗಣೆ, ಔಷಧಿ ಸಿಂಪಡಣೆ ಎಲ್ಲ ಸೇರಿ ಯಂತ್ರ 60 ಗಂಟೆ ಓಡಿದರೆ ಗಂಟೆಗೆ 660 ರೂಪಾಯಿಗೂ ಮೇಲಾಯಿತು. ಬಡ್ಡಿ, ವಿಮೆ, ಡೀಸೆಲ್, ಸರ್ವಿಸ್ ಇದರ ಹೊರಗೆ. ಟ್ರ್ಯಾಕ್ಟರಿನ ಖರ್ಚನ್ನು ಲೆಕ್ಕ ಹಾಕುವವರು ವರ್ಷಕ್ಕೆ 1,000 ಗಂಟೆ ಓಟವನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ ಇದೇ ಸವೆತ ಗಂಟೆಗೆ 40 ರೂಪಾಯಿ. ನಿಮ್ಮ ಊರಿನ ಬಾಡಿಗೆ ದರವನ್ನು ಪಕ್ಕದಲ್ಲಿ ಬರೆದು ನೋಡಿದರೆ ಉತ್ತರ ಸಿಗುತ್ತದೆ. ರಾಜ್ಯ ಸರ್ಕಾರ 2014–15ರಿಂದ ಹೋಬಳಿ ಮಟ್ಟದಲ್ಲಿ ನಡೆಸಿಕೊಂಡು ಬಂದಿರುವ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ದರವನ್ನೂ ವಿಚಾರಿಸಿ.

ಬಾಡಿಗೆಯ ವಿರುದ್ಧ ಒಂದು ಗಟ್ಟಿಯಾದ ವಾದವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕೆಂಪು ಮಣ್ಣು ಮಳೆಯಾದ ಮೇಲೆ ಕೆಲವು ದಿನ ಮಾತ್ರ ಹದದಲ್ಲಿರುತ್ತದೆ, ಆಮೇಲೆ ಒಣಗಿ ಗಡುಸಾಗುತ್ತದೆ. ಆ ಕೆಲವು ದಿನಗಳಲ್ಲೇ ಊರಿನವರೆಲ್ಲರೂ ರಾಗಿ, ನೆಲಗಡಲೆ ಬಿತ್ತನೆಗೆ ಟ್ರ್ಯಾಕ್ಟರ್ ಕೇಳುತ್ತಾರೆ. ಹತ್ತೆಕರೆಯ ರೈತನನ್ನು ಬಿಟ್ಟು ಅರ್ಧ ದಿನದ ಕೆಲಸಕ್ಕೆ ನಿಮ್ಮ ಹೊಲಕ್ಕೆ ಬರುವ ಚಾಲಕ ಅಪರೂಪ, ಅವನದು ತಪ್ಪೂ ಅಲ್ಲ. ಹಾಗಾಗಿ ಪದೇ ಪದೇ ಬರುವ ಹಗುರ ಕೆಲಸಕ್ಕೆ ಸ್ವಂತ ಸಣ್ಣ ಯಂತ್ರ, ಅಪರೂಪಕ್ಕೆ ಬರುವ ಭಾರಿ ಕೆಲಸಕ್ಕೆ ಬಾಡಿಗೆ ಎಂಬ ವಿಂಗಡಣೆ ನನಗೆ ಸರಿ ಕಾಣುತ್ತದೆ. ಬೀಳುಬಿದ್ದ ನೆಲವನ್ನು ಮೊದಲ ಸಲ ಆಳವಾಗಿ ಉಳುವುದು, ಗಿಡದ ಗುಂಡಿ ತೆಗೆಯುವುದು, ಕೆರೆ ಗೋಡು ಹೊಡೆಸುವುದು ಇವು ದೊಡ್ಡ ಟ್ರ್ಯಾಕ್ಟರಿಗೋ ಜೆಸಿಬಿಗೋ ಬಿಟ್ಟ ಕೆಲಸಗಳು. ಶ್ರೀನಿವಾಸಪುರದ ಕಡೆ ಮಾವಿನ ತೋಪು ಮಾತ್ರ ಇರುವವರಿಗೆ ವರ್ಷಕ್ಕೆ ಎರಡು ಸಲದ ಉಳುಮೆಯೇ ಮುಖ್ಯವಾದ್ದರಿಂದ ಸ್ವಂತ ಟ್ರ್ಯಾಕ್ಟರ್ ಬೇಕೇ ಆಗಿಲ್ಲ. ಸಾಲಿನ ನಡುವೆ ತರಕಾರಿ, ಹೂವು, ಮೇವು ಬೆಳೆದು ತಿಂಗಳು ತಿಂಗಳೂ ಮಣ್ಣು ಕೆದಕುವವರ ಮಾತು ಬೇರೆ.

ಕೊಳ್ಳುವುದೆಂದು ನಿಶ್ಚಯಿಸಿದವರು ಒಂದೆರಡು ಎಕರೆಗೆ ಪವರ್ ಟಿಲ್ಲರಿಗಿಂತ ಮುಂದೆ ಹೋಗಬೇಕಿಲ್ಲ. ಆದರೆ ಟಿಲ್ಲರಿನ ಹಿಂದೆ ನಡೆದು ದಿನವಿಡೀ ಹಿಡಿತ ಬಿಡದೆ ದುಡಿಯಲು ಮೈಯಲ್ಲಿ ಕಸುವಿರಬೇಕು. ಐವತ್ತು ದಾಟಿ ಬೇಸಾಯಕ್ಕೆ ಇಳಿದವರಿಗೆ ಕೂತು ಓಡಿಸುವ 15 ಎಚ್‌ಪಿ ಯಂತ್ರ ಹೆಚ್ಚು ಅನುಕೂಲ. ಸ್ವರಾಜ್ 717, ಮಹೀಂದ್ರ ಯುವರಾಜ್ 215 ಈ ಗಾತ್ರದವು. ಮೂರರಿಂದ ಐದು ಎಕರೆಗೆ, ಅದರಲ್ಲೂ ಇಳಿಜಾರು ನೆಲವಿದ್ದರೆ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ 24 ಎಚ್‌ಪಿ ಸುತ್ತಮುತ್ತಲಿನವನ್ನು ನೋಡಬಹುದು. ಮಹೀಂದ್ರ ಜೀವೊ 245, ಕುಬೋಟ ನಿಯೊಸ್ಟಾರ್ ಬಿ2441 ಅಂಥವು. ಹಗುರ ಟ್ರ್ಯಾಕ್ಟರಿನ ಹಿಂದಿನ ಚಕ್ರ ಸಡಿಲ ಮಣ್ಣಿನಲ್ಲಿ ಜಾರಿ ನಿಂತಲ್ಲೇ ತಿರುಗುವುದುಂಟು, ಮುಂದಿನ ಚಕ್ರಗಳೂ ಎಳೆದಾಗ ಆ ತೊಂದರೆ ಬಹಳ ಕಡಿಮೆಯಾಗುತ್ತದೆ. ಕಿರಿದಾದ ಯಂತ್ರ ಪಕ್ಕಕ್ಕೆ ವಾಲುವುದೂ ಬೇಗ ಎಂಬುದನ್ನು ಮರೆಯಬಾರದು. ಬದು ಹತ್ತಿಸುವಾಗ ಓರೆಯಾಗಿ ಹೋಗಬೇಡಿ, ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಳ್ಳಬೇಡಿ, ಪಿಟಿಒ ತಿರುಗುತ್ತಿರುವಾಗ ಲುಂಗಿ, ಟವೆಲ್ ಹೊದ್ದು ಹತ್ತಿರ ಸುಳಿಯಬೇಡಿ.

ಹಣ ಕಟ್ಟುವ ಮೊದಲು ಯಂತ್ರವನ್ನು ಷೋರೂಮಿನ ಅಂಗಳದಲ್ಲಿ ಓಡಿಸಿ ತೃಪ್ತಿಪಡಬೇಡಿ. ನಿಮ್ಮ ತೋಟಕ್ಕೇ ತರಿಸಿ, ನೀವು ಕೊಳ್ಳಲಿರುವ ರೋಟವೇಟರನ್ನೇ ಕಟ್ಟಿಸಿ, ಅತಿ ಕಿರಿದಾದ ಸಾಲಿನಲ್ಲಿ ಒಂದು ಗಂಟೆ ಉಳುಮೆ ಮಾಡಿಸಿ. ಉತ್ತದ್ದು ಎಷ್ಟು ಗುಂಟೆ ಎಂದು ಅಳೆದು, ಮುಗಿದ ಡೀಸೆಲ್ ಎಷ್ಟು ಎಂದು ಬರೆದುಕೊಂಡು, ಆಮೇಲೆ ದರದ ಮಾತಿಗೆ ಕೂರಿ.